ಪೊಳ್ಳು

ಗುತ್ತಲು ರಸ್ತೆಯ ಶೆಡ್ಡಿನಲ್ಲಿ
ಯಾರದ್ದೋ ಬಾಗಿಲಿಗೆ ಉಳಿ ಹಿಡಿದು ಕೂತಿದ್ದೆ.
ಫೋನು.
"ಆಚಾರ್ರೇ, ಸುನೌಲಿ ಗಡೀಲಿದ್ದೀವಿ,
ನೇಪಾಳದಿಂದ ವಾಪಸ್ ಬರ್ತಾ ಹಿಡ್ಕಂಡವ್ರೆ.
ಮಂಚದ ಕೆಳಗೆ, ಹಿಂದಿನ ಎಡಚಕ್ರದ ಮೇಲೆ
ಹಲಗೆ ತಟ್ಟಿದ್ರೆ ಪೊಳ್ಳು ಸದ್ದು ಬತ್ತದಂತೆ.
ಒಳಗೆ ಏನ್ ಮಡಗಿದ್ದೀರಿ?"

ಚಿಕ್ಕತಾಯಮ್ಮ ಮೇಡಂ ದನಿ.
ಮೂವತ್ತೊಂದು ವರ್ಷ ಸೀಟಿ ಊದಿ
ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರು
ಈಗ ತಾವೇ ಸಾಲಲ್ಲಿ.

ಕಾನ್ವೆಂಟಿನವರು ಮಾರಿದ ಹಳದಿ ಸ್ವರಾಜ್ ಮಜ್ದಾ.
ಸೀಟು ಕಿತ್ತಾಗ ಹನ್ನೊಂದು ರಬ್ಬರು ಸಿಕ್ಕಿದವು, ಒಂದು ಹಾಲುಹಲ್ಲು.
ಅದರೊಳಗೆ ಒಂದು ಮನೆ ಕೂರಿಸಿದೆ:
ಎರಡು ಮಂಚ, ಮಡಚುವ ಮೇಜು,
ಶಕೀಲಾ ಸಿಸ್ಟರ ಔಷಧಿಗೆ ಬೀಗದ ಗೂಡು,
ರಾಗಿಹಿಟ್ಟಿನ ಡಬ್ಬ ಕುಣಿಯದಂತೆ ಅಡ್ಡಪಟ್ಟಿ.
ಇಬ್ಬರೂ ಪಿಂಚಣಿಯವರು.
ಎಲ್ಲಿಗೆ ಹೋಗ್ತೀರಿ ಅಂದರೆ
"ಟೈರು ಸವೆಯೋಗಂಟ" ಅಂದಿದ್ದರು.

ಚಕ್ರ ದುಂಡಗೆ, ಹಲಗೆ ನೆಟ್ಟಗೆ.
ಇವೆರಡರ ನಡುವೆ ಗೇಣಗಲ ಜಾಗ
ಯಾರಿಗೂ ಸಲ್ಲದೆ ಉಳಿಯುತ್ತದೆ.
ಅದಕ್ಕೆ ಬಡಗಿ ಕೂಲಿ ಕೇಳುವುದಿಲ್ಲ,
ಮುಚ್ಚಿ, ಪಾಲಿಶ್ ಹೊಡೆದು, ಮರೆಯುತ್ತಾನೆ.
ಇದನ್ನು ಹಿಂದಿಯಲ್ಲಿ ಹೇಗೆ ಹೇಳಲಿ?

ಫೋನು ಸಾಹೇಬರ ಕೈಗೆ ಹೋಯಿತು.
ನನ್ನ ಹಿಂದಿ ಮಾರ್ಬಲ್ ಹಾಕುವ ಹುಡುಗರಿಂದ ಕಲಿತದ್ದು.
ಅದರಲ್ಲಿ ಅಳತೆ ಉಂಟು, ಬೈಗುಳ ಉಂಟು,
ತಪ್ಪು ಮಾಡಿಲ್ಲ ಅನ್ನುವುದಕ್ಕೆ ಮಾತಿಲ್ಲ.
"ಖಾಲಿ, ಸಾಬ್."
"ಖಾಲಿ ಹೈ ತೋ ಬಂದ್ ಕ್ಯೋಂ ಕಿಯಾ?"
ಖಾಲಿ ಇದ್ದರೆ ಮುಚ್ಚಿದ್ದು ಯಾಕೆ.
ನಲವತ್ತು ವರ್ಷದ ಕಸುಬಿನಲ್ಲಿ
ಯಾರೂ ಕೇಳಿರಲಿಲ್ಲ.

ಆಮೇಲೆ ವಿಡಿಯೋ ಹಾಕಿದರು.
ನಾನು ಕೂರಿಸಿದ ಮನೆ ಡಾಂಬರಿನ ಮೇಲೆ ಹರಡಿತ್ತು.
ಹಾಸಿಗೆ, ಕುಕ್ಕರು, ಒಳಗಿನ ಬಟ್ಟೆಗಳ ಚೀಲ.
ಅಚ್ಚುಬೆಲ್ಲ ಒಂದೊಂದನ್ನೂ ಮುರಿದು ನೋಡಿದ್ದರು.
ನಾಯಿ ಹುರುಳಿಯ ಚೀಲ ಮೂಸಿ ಸೀನಿತು.
ಸಿಸ್ಟರು ಪೋಖರಾದ ಶಾಲಿನ ಬಿಲ್ಲು ಹುಡುಕುತ್ತಿದ್ದರು,
ಶಾಲು ಹೊದ್ದೇ.

"ಒಡೀಬೇಡಿ, ಸ್ಕ್ರೂ ತೆಗೀರಿ.
ಎಡಕ್ಕೆ ಎರಡು, ಪಟ್ಟಿ ಹಿಂದೆ ಒಂದು ಅಡಗಿದೆ."
ಅಡಗಿದೆ ಅಂದದ್ದೇ ತಪ್ಪಾಯಿತು.
ಮೇಡಂ ಅದನ್ನು ಹಿಂದಿಗೆ ತಿರುಗಿಸಿದೊಡನೆ
ಇನ್ನಿಬ್ಬರು ಓಡಿ ಬಂದರು.
ಸ್ಕ್ರೂ ತಿರುಗುತ್ತಿತ್ತು. ಇಲ್ಲಿ ನನ್ನ ಮಣಿಕಟ್ಟೂ ತಿರುಗಿತು.
ಆ ಗಳಿಗೆ ನನಗೂ ಅನುಮಾನ ಬಂತು.
ಯಾರ ಮೇಲೆ ಅಂತ ಹೇಳಲಾರೆ.

ಹಲಗೆ ಬಂತು.
ಒಳಗೆ ಮರದ ಹೊಟ್ಟು,
ಹೊಟ್ಟಿನಲ್ಲಿ ಹಳದಿ ಹೊಳಪು.
"ಸೋನಾ!" ಅಂದ ಒಬ್ಬ.

ಹಿತ್ತಾಳೆ.
ನನ್ನಪ್ಪನ ತೂಗುಗುಂಡು, ದಾರ ಸಮೇತ.
ಹೊಟ್ಟಿನಲ್ಲಿ ಹೂತು
ಅಷ್ಟು ದೂರ ಸದ್ದೇ ಮಾಡಿರಲಿಲ್ಲ.

ತಕ್ಕಡಿಯಲ್ಲಿಟ್ಟರು: ಇನ್ನೂರ ಹತ್ತು ಗ್ರಾಮು.
ಇದು ಯಾರದ್ದು, ಬೆಲೆ ಎಷ್ಟು, ಬರೆಯಬೇಕು.
ನನಗೆ ಬಾಯಿ ಬರಲಿಲ್ಲ.
ಹೋದ ಆಷಾಢದಲ್ಲಿ ಇದು ಕಾಣದಾದಾಗ
ಮಾದೇಶನ ಜೇಬಿಗೆ ಕೈ ಹಾಕಿದ್ದೆ.
ಅವನ ಡಬ್ಬಿ ತೆರೆಸಿ, ಮುದ್ದೆ ಮುರಿಸಿ ನೋಡಿದ್ದೆ,
ಶೆಡ್ಡಿನ ಹುಡುಗರೆಲ್ಲ ನಿಂತು ನೋಡುವಾಗ.
ಅವನು ಡಬ್ಬಿ ಮುಚ್ಚಿಕೊಂಡು ಹೋದ.
ವಾರದ ಬಟವಾಡೆಯನ್ನೂ ಕೇಳಲಿಲ್ಲ.

ಸಾಹೇಬರು ನಕ್ಕು ಬಿಟ್ಟರಂತೆ.
ಯಾವ ಕಾಗದದಲ್ಲೂ ಅದು ದಾಖಲಾಗಲಿಲ್ಲ.
ಮೇಡಂ ಗುಂಡನ್ನು ಗಾಜಿನ ಮುಂದೆ ಕಟ್ಟಿಕೊಂಡು ಹೊರಟಿದ್ದಾರೆ,
ಉಬ್ಬು ಬಂದಾಗಲೆಲ್ಲ ಅದು ತೂಗಿ ಮತ್ತೆ ನೆಟ್ಟಗಾಗುತ್ತದಂತೆ.
ಮಂಡ್ಯ ಮುಟ್ಟಲು ಆರು ದಿನ.

ಮಾದೇಶನ ಊರು ಕಿರುಗಾವಲು.
ಬಸ್ಸಿನಲ್ಲಿ ಮುಕ್ಕಾಲು ಗಂಟೆ.
ನಡುವೆ ಗಡಿಯಿಲ್ಲ, ಗೇಟಿಲ್ಲ,
ಇಳಿಸಿ ಕೇಳುವವರಿಲ್ಲ.

ಎರಡು ದಿನದಿಂದ ಅಂಗಿ ಹಾಕುತ್ತೇನೆ,
ತೆಗೆಯುತ್ತೇನೆ.